ಹಳೆಯ ಕಂಪ್ಯೂಟರ್, ಹೊಸ ವ್ಯವಸ್ಥೆ: ಕಲಿಯಬೇಕಾದುದು ಬೆರಳುಗಳು

ಸಿಂಧನೂರಿನ ಅಕ್ಕಿ ಗಿರಣಿಯಿರಲಿ, ಲಿಂಗಸುಗೂರಿನ ಶಾಲೆಯಿರಲಿ, ಮಸ್ಕಿಯ ಜೆರಾಕ್ಸ್ ಅಂಗಡಿಯಿರಲಿ, ಕಂಪ್ಯೂಟರ್ ಎಂದರೆ ವಿಂಡೋಸ್ ಎಂದೇ ನಮ್ಮವರು ತಿಳಿದುಕೊಂಡು ಬಂದಿದ್ದಾರೆ. ಆದರೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಯಂತ್ರಗಳೇನೂ ಅಂದೇ ಕೆಟ್ಟುಹೋಗಲಿಲ್ಲ. ತಾನಾಗಿ ಬರುತ್ತಿದ್ದ ಭದ್ರತಾ ತಿದ್ದುಪಡಿಗಳು ನಿಂತವು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಹೊಸ ತಲೆಮಾರಿನ ಪ್ರೊಸೆಸರ್ ಕೂಡ ಇರಬೇಕು. ಮಗಳ ಕಾಲೇಜು ಶುಲ್ಕಕ್ಕೇ ಹಣ ಹೊಂದಿಸುತ್ತಿರುವ ಮನೆಗೆ ಹೊಸ ಕಂಪ್ಯೂಟರ್ ಕೊಳ್ಳುವುದು ಸಣ್ಣ ಮಾತೇ?

ಇನ್ನೊಂದು ದಾರಿ ಲಿನಕ್ಸ್. ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ತಂತ್ರಾಂಶವನ್ನು ಆಧರಿಸಿದ ಉಬುಂಟು, ಮಿಂಟ್ ಮುಂತಾದವು ಉಚಿತವಾಗಿ ಸಿಗುತ್ತವೆ. ಹಳೆಯ ಯಂತ್ರಗಳಲ್ಲೂ ನಡೆಯುತ್ತವೆ. ಹಣ ಬೇಡ, ನಿಜ. ಆದರೆ ತಾಳ್ಮೆ ಬೇಕು.

ಮೊದಲ ವಾರ ಎಲ್ಲವೂ ಅಪರಿಚಿತ. ಸಿ ಡ್ರೈವ್, ಡಿ ಡ್ರೈವ್ ಕಾಣುವುದಿಲ್ಲ. ನಮ್ಮ ಕಡತಗಳೆಲ್ಲ 'ಹೋಮ್' ಎಂಬ ಒಂದೇ ಮನೆಯೊಳಗೆ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳಲ್ಲಿ ಒಂದೇ ಹೆಸರು ಬರೆದರೆ ಎರಡು ಬೇರೆ ಕಡತಗಳಾಗುತ್ತವೆ. ಎಲ್ಲಿಂದಲೋ ಇಳಿಸಿಕೊಂಡ ತಂತ್ರಾಂಶವನ್ನು ಒತ್ತಿ ಹಾಕುವ ರೂಢಿ ಇಲ್ಲಿಲ್ಲ. 'ಸಾಫ್ಟ್‌ವೇರ್ ಮ್ಯಾನೇಜರ್'ನಿಂದ ಆರಿಸಿ, ಪಾಸ್‌ವರ್ಡ್ ಕೊಟ್ಟು ಹಾಕಿಕೊಳ್ಳಬೇಕು. ಮಕ್ಕಳು ಇದನ್ನು ಎರಡು ದಿನಗಳಲ್ಲಿ ಕಲಿಯುತ್ತಾರೆ, ಹಿರಿಯರು ಒದ್ದಾಡುತ್ತಾರೆ. ಕಾರಣ ಬುದ್ಧಿಯ ಕೊರತೆಯಲ್ಲ. ಮಕ್ಕಳಿಗೆ ಮರೆಯಬೇಕಾದುದು ಕಡಿಮೆ, ನಮ್ಮ ಬೆರಳುಗಳಿಗೆ ಇಪ್ಪತ್ತು ವರ್ಷಗಳ ಅಭ್ಯಾಸ.

'ಇದು ನಮ್ಮಿಂದಾಗದು' ಎನ್ನುವವರು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳತ್ತ ನೋಡಲಿ. ಕೇರಳದಲ್ಲಿ 2001ರಲ್ಲಿ ಆರಂಭವಾದ 'ಐಟಿ ಅಟ್ ಸ್ಕೂಲ್' ಯೋಜನೆ ಮುಂದೆ ಶಾಲೆಗಳಿಗೆ ಲಿನಕ್ಸನ್ನೇ ಒಪ್ಪಿಕೊಂಡಿತು. 2017ರಲ್ಲಿ ಅದು 'ಕೈಟ್' ಎಂಬ ಸಂಸ್ಥೆಯಾಯಿತು. ಅಲ್ಲಿ ಐಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ, ಅಧ್ಯಾಪಕರಿಗೆ ತರಬೇತಿಯೂ ಇದೆ. ಕಲಿಸುವವರಿದ್ದರೆ ಕಷ್ಟ ಅರ್ಧವಾಗುತ್ತದೆ.

ಆದರೆ ಬೆರಳಿನ ಅಭ್ಯಾಸಕ್ಕಿಂತ ದೊಡ್ಡ ಚಿಂತೆ ಹಳೆಯ ಬರವಣಿಗೆಯದು. ಮಸ್ಕಿಯ ಅಶೋಕನ ಶಾಸನವನ್ನೇ ನೋಡಿ. ಬಂಡೆಯ ಮೇಲೆ ಅಕ್ಷರಗಳಿದ್ದವು, ಶತಮಾನಗಳ ಕಾಲ ಓದುವವರಿರಲಿಲ್ಲ. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿದ್ದರಿಂದಲೇ, 1915ರಲ್ಲಿ ಈ ಶಾಸನ ಬೆಳಕಿಗೆ ಬಂದಾಗ ಅದರಲ್ಲಿದ್ದ ಅಶೋಕನ ಹೆಸರನ್ನು ಓದಲು ಸಾಧ್ಯವಾಯಿತು. ನಮ್ಮ ಹಳೆಯ ನುಡಿ ಕಡತಗಳ ಗತಿಯೂ ಹಾಗೆಯೇ. ಅವುಗಳಲ್ಲಿ ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ರೂಪ ಕೂರಿಸಲಾಗಿದೆ. ಆ ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು! ಉರ್ದುವಿನ ಇನ್‌ಪೇಜ್ ಕಡತಗಳಂತೂ ಲಿನಕ್ಸ್‌ನ ಲಿಬ್ರೆಆಫೀಸ್‌ನಲ್ಲಿ ತೆರೆಯುವುದೇ ಇಲ್ಲ. ಪ್ರಶ್ನೆಪತ್ರಿಕೆ, ಜಮಾಅತ್‌ನ ಲೆಕ್ಕ, ನಿಕಾಹ್‌ನ ದಾಖಲೆ ಎಲ್ಲವೂ ಇರುತ್ತವೆ, ಓದಲು ಮಾತ್ರ ಆಗುವುದಿಲ್ಲ.

ಆದ್ದರಿಂದ ಆತುರ ಬೇಡ. ವಿಂಡೋಸ್ ಇರುವಾಗಲೇ ನುಡಿ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ. ಇನ್‌ಪೇಜ್‌ನಲ್ಲಿರುವುದನ್ನು ಕನಿಷ್ಠ ಪಿಡಿಎಫ್ ಆಗಿಯಾದರೂ ಉಳಿಸಿ. ಎಲ್ಲದರ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿಡಿ. ನಂತರ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ನಡೆಸಿ ನೋಡಿ. ಹಾಗೆ ನೋಡಲು ಹಳೆಯದನ್ನು ಅಳಿಸಬೇಕಿಲ್ಲ. ಪ್ರಿಂಟರ್, ಬೆರಳಚ್ಚು ಯಂತ್ರ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಿ. ಟ್ಯಾಲಿ ವಿಂಡೋಸ್‌ಗಾಗಿಯೇ ಇರುವ ತಂತ್ರಾಂಶ, ಅದನ್ನೇ ನಂಬಿದ ಗಿರಣಿಯವರು, ಗೊಬ್ಬರದಂಗಡಿಯವರು ಅವಸರಪಡಬಾರದು. ಕನ್ನಡ ಟೈಪಿಂಗ್‌ಗೆ ಮಾತ್ರ ಹೆದರಬೇಕಾಗಿಲ್ಲ. ನುಡಿಯ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಕೆಜಿಪಿ ಎಂಬ ಹೆಸರಿನಲ್ಲಿ ಲಭ್ಯವಿದೆ.

ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ತಂದೆ ತಾಯಿ ಮಕ್ಕಳ ಪಕ್ಕದಲ್ಲಿ ಕುಳಿತು ಕಲಿಯಲಿ. ಮಗಳು ಹೇಳಿಕೊಡುವಾಗ ಅಬ್ಬಾ ಶಿಷ್ಯನಾಗುವುದರಲ್ಲಿ ಅವಮಾನವೇನಿದೆ? ಮೂಲೆ ಸೇರಬೇಕಿದ್ದ ಯಂತ್ರ ಇನ್ನೂ ನಾಲ್ಕು ವರ್ಷ ದುಡಿದರೆ, ಉಳಿದ ಹಣ ಅವಳ ಓದಿಗಾದೀತು.