ನಿಮಗಿದು ಗೊತ್ತೇ? ಫೋನ್ ಕಾಯುವ ಸರ್ವರಿನ ಸಂಗತಿಗಳು

ಕಂಪನಿ ಕೊಟ್ಟ ಫೋನೋ ಲ್ಯಾಪ್‌ಟಾಪೋ ನಿಮ್ಮ ಕೈಯಲ್ಲಿದ್ದರೆ, ಅದರ ಜುಟ್ಟು ಎಲ್ಲೋ ಒಂದು ಸರ್ವರಿನ ಕೈಯಲ್ಲಿರುತ್ತದೆ. ಪಾಸ್‌ವರ್ಡ್ ಎಷ್ಟು ಉದ್ದವಿರಬೇಕು, ಯಾವ ಆ್ಯಪ್ ಹಾಕಬಹುದು, ಫೋನ್ ಕಳೆದುಹೋದರೆ ಅದರಲ್ಲಿರುವುದನ್ನೆಲ್ಲ ದೂರದಿಂದಲೇ ಅಳಿಸಬೇಕೆ, ಎಲ್ಲವೂ ಅಲ್ಲಿಂದಲೇ ತೀರ್ಮಾನ. ಐ.ಟಿ. ವಿಭಾಗದವರು ಇದಕ್ಕೆ ಎಂಡಿಎಂ (ಮೊಬೈಲ್ ಡಿವೈಸ್ ಮ್ಯಾನೇಜ್‌ಮೆಂಟ್) ಅನ್ನುತ್ತಾರೆ. ಆ ಸರ್ವರ್ ನಮ್ಮ ಕಟ್ಟಡದಲ್ಲೇ ಇರಲಿ, ಅಂದರೆ ಆನ್-ಪ್ರೆಮ್ ಇರಲಿ ಎಂದು ಕೆಲವರು. ಕ್ಲೌಡ್‌ನಲ್ಲಿರಲಿ, ತಲೆನೋವು ತಪ್ಪಲಿ ಎಂದು ಉಳಿದವರು. ಈ ಜಗಳಕ್ಕೆ ಇಳಿಯುವ ಮುಂಚೆ ಒಂದಿಷ್ಟು ಸಂಗತಿ ತಿಳಿದಿರಲಿ.

ಸರ್ವರನ್ನು ನಿಮ್ಮ ಕೋಣೆಯಲ್ಲೇ ಬೀಗ ಹಾಕಿ ಇಟ್ಟುಕೊಂಡರೂ ಐಫೋನಿಗೆ ಅದು ನೇರವಾಗಿ ಅಪ್ಪಣೆ ಕೊಡಲಾರದು, ಗೊತ್ತೇ? ಆ್ಯಪಲ್ 2010ರಲ್ಲಿ ಐಓಎಸ್ 4ರ ಜೊತೆ ತಂದ ವ್ಯವಸ್ಥೆಯೇ ಹಾಗಿದೆ. ನಿಮ್ಮ ಸರ್ವರ್ ಮೊದಲು ಆ್ಯಪಲ್‌ನ ಪುಶ್ ಸೇವೆಗೆ ಹೇಳುತ್ತದೆ, ಅದು ಫೋನನ್ನು ಎಬ್ಬಿಸುತ್ತದೆ, ಎದ್ದ ಫೋನು ತಾನೇ ನಿಮ್ಮ ಸರ್ವರಿನ ಬಾಗಿಲಿಗೆ ಬಂದು ಏನು ಕೆಲಸ ಎಂದು ವಿಚಾರಿಸುತ್ತದೆ. ಅಪ್ಪಣೆಯ ವಿವರ ಆ್ಯಪಲ್‌ಗೆ ಹೋಗುವುದಿಲ್ಲ, ಎಬ್ಬಿಸುವ ಕರೆಯಷ್ಟೇ ಆ ದಾರಿ ಹಿಡಿಯುತ್ತದೆ. ಆದರೂ ನೂರಕ್ಕೆ ನೂರು ‘ನಮ್ಮದೇ’ ಅನ್ನಬಹುದಾದ ಎಂಡಿಎಂ ಐಫೋನಿನ ಮಟ್ಟಿಗೆ ಇಲ್ಲ.

ಆ ಪುಶ್ ಸೇವೆಗೆ ಬೇಕಾದ ಪ್ರಮಾಣಪತ್ರದ ಆಯಸ್ಸು ಒಂದೇ ವರ್ಷ. ಅದನ್ನು ಮೊದಲು ಮಾಡಿಸಿದ ಆ್ಯಪಲ್ ಖಾತೆಯಿಂದಲೇ ನವೀಕರಿಸಬೇಕು. ಬೇರೆ ಖಾತೆಯಿಂದ ಹೊಸದು ಮಾಡಿಸಿದಿರೋ, ಅಷ್ಟೂ ಫೋನುಗಳನ್ನು ಮತ್ತೆ ನೋಂದಾಯಿಸುವ ಕೆಲಸ ಬೀಳುತ್ತದೆ. ಖಾತೆ ತೆರೆದ ಹುಡುಗ ತನ್ನ ಸ್ವಂತ ಇಮೇಲ್ ಕೊಟ್ಟು, ಆಮೇಲೆ ಕೆಲಸ ಬಿಟ್ಟು ಹೋಗಿದ್ದರೆ ದೇವರೇ ಗತಿ. ಕ್ಲೌಡ್ ಆದರೂ ಇದೇ ನಿಯಮ.

ಸರ್ವರ್ ನಮ್ಮದು, ದಾರಿ ಮಾತ್ರ ಬೇರೆಯವರದು. ಬ್ಲ್ಯಾಕ್‌ಬೆರಿ ಕಾಲದಲ್ಲೂ ಇದೇ ಕಥೆ. ದೊಡ್ಡ ಕಂಪನಿಗಳು ಬ್ಲ್ಯಾಕ್‌ಬೆರಿ ಎಂಟರ್‌ಪ್ರೈಸ್ ಸರ್ವರನ್ನು ತಮ್ಮ ಗೋಡೆಯೊಳಗೇ ಇಟ್ಟುಕೊಂಡಿದ್ದವು, ಆದರೆ ಸಂದೇಶ ಫೋನ್ ತಲುಪಬೇಕಾದರೆ ತಯಾರಕ ಕಂಪನಿ ರಿಮ್‌ನ ಜಾಲವನ್ನೇ ಹಾಯಬೇಕಿತ್ತು. 2011ರ ಅಕ್ಟೋಬರಿನಲ್ಲಿ ಆ ಜಾಲದ ಒಂದು ಕೋರ್ ಸ್ವಿಚ್ ಕೆಟ್ಟಿತು, ಬದಲಿ ವ್ಯವಸ್ಥೆಯೂ ಕೈಕೊಟ್ಟಿತು. ಯುರೋಪಿನಲ್ಲಿ ಶುರುವಾದ ತೊಂದರೆ ಭಾರತಕ್ಕೂ ಅಮೆರಿಕಕ್ಕೂ ಹಬ್ಬಿ ಸರಿಯಾಗುವಷ್ಟರಲ್ಲಿ ಮೂರು ದಿನ ಕಳೆದಿತ್ತು.

ಇನ್ನು ಸುರಕ್ಷತೆ. ‘ನಮ್ಮ ಕಟ್ಟಡದಲ್ಲಿದ್ದರೆ ಭದ್ರ’ ಎನ್ನುವವರು ನಾರ್ವೆಯನ್ನು ಕೇಳಬೇಕು. 2023ರ ಜುಲೈನಲ್ಲಿ ಆ ದೇಶದ 12 ಸಚಿವಾಲಯಗಳ ಮೇಲೆ ದಾಳಿಯಾದದ್ದು ಇವಾಂಟಿ ಎಂಬ ಕಂಪನಿಯ ಆನ್-ಪ್ರೆಮ್ ಎಂಡಿಎಂನ ತೂತಿನ ಮೂಲಕ. ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಹೋಗಬಹುದಿದ್ದ ಆ ತೂತಿನ ತೀವ್ರತೆಗೆ ಹತ್ತಕ್ಕೆ ಹತ್ತು ಅಂಕ ಬಿದ್ದಿತ್ತು. ಅದೇ ಕಂಪನಿಯ ಕ್ಲೌಡ್ ಉತ್ಪನ್ನಕ್ಕೆ ಆ ದೋಷ ತಟ್ಟಲಿಲ್ಲ. ಊರೂರು ಸುತ್ತುವ ಫೋನುಗಳೆಲ್ಲ ಬಂದು ತಟ್ಟಬೇಕಾದ ಬಾಗಿಲಾದ್ದರಿಂದ ಎಂಡಿಎಂ ಸರ್ವರನ್ನು ಸಾಮಾನ್ಯವಾಗಿ ಇಂಟರ್ನೆಟ್ಟಿಗೆ ಮುಖ ಮಾಡಿ ಇಡಬೇಕಾಗುತ್ತದೆ. ಕಟ್ಟಡ ನಿಮ್ಮದಾದರೂ ಬಾಗಿಲು ಬೀದಿಗೇ ತೆರೆದಿರುತ್ತದೆ.

2021ರ ಜುಲೈ 2ರಂದು ಕಸೇಯಾ ಕಂಪನಿಯ ದೂರನಿರ್ವಹಣಾ ತಂತ್ರಾಂಶದ ಮೇಲೆ ರೆವಿಲ್ ಎಂಬ ಸುಲಿಗೆಕೋರರ ಗುಂಪು ಬಿದ್ದಾಗಲೂ ಸಿಕ್ಕಿಬಿದ್ದವು ಗ್ರಾಹಕರು ತಾವೇ ನಡೆಸುತ್ತಿದ್ದ ಸರ್ವರುಗಳು. ಸ್ವೀಡನ್ನಿನ ಕೂಪ್ ಸರಣಿಯ ಸುಮಾರು 800 ಅಂಗಡಿಗಳ ಗಲ್ಲಾಪೆಟ್ಟಿಗೆ ನಿಂತುಹೋಯಿತು. ತಮಾಷೆಯೆಂದರೆ ಕೂಪ್ ಕಸೇಯಾದ ನೇರ ಗ್ರಾಹಕನೇ ಅಲ್ಲ, ಅದರ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಗುತ್ತಿಗೆದಾರರು ಆ ತಂತ್ರಾಂಶ ಬಳಸುತ್ತಿದ್ದರು.

ಹಾಗಾದರೆ ಕ್ಲೌಡ್ ಭದ್ರವೇ? 2024ರ ಆಗಸ್ಟ್ 4ರಂದು ಮೊಬೈಲ್ ಗಾರ್ಡಿಯನ್ ಎಂಬ ಕ್ಲೌಡ್ ಎಂಡಿಎಂಗೆ ಯಾರೋ ನುಗ್ಗಿದರು. ಸಿಂಗಪುರದ 26 ಪ್ರೌಢಶಾಲೆಗಳ ಸುಮಾರು 13,000 ವಿದ್ಯಾರ್ಥಿಗಳ ಐಪ್ಯಾಡು, ಕ್ರೋಮ್‌ಬುಕ್ಕುಗಳು ಖಾಲಿಯಾದವು. ಕಳ್ಳನ ಕೈಗೆ ಸಿಕ್ಕರೆ ಅಳಿಸಲೆಂದು ಇಟ್ಟ ಗುಂಡಿಯನ್ನೇ ಕಳ್ಳ ಒತ್ತಿದ. ಅಲ್ಲಿನ ಶಿಕ್ಷಣ ಸಚಿವಾಲಯ ಆ ಆ್ಯಪನ್ನೇ ತೆಗೆಸಿಹಾಕಿತು.

ಕಳ್ಳರೇ ಬೇಕೆಂದಿಲ್ಲ. 2014ರ ಮೇ ತಿಂಗಳಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ವಿಂಡೋಸ್ 7 ಹೊಸದಾಗಿ ಹಾಕುವ ಅಪ್ಪಣೆ ತಪ್ಪಿ ಎಲ್ಲ ವಿಂಡೋಸ್ ಯಂತ್ರಗಳಿಗೂ ಹೋಯಿತು. ಗೊತ್ತಾಗಿ ಸರ್ವರ್ ಆರಿಸುವಷ್ಟರಲ್ಲಿ ಅಪ್ಪಣೆ ಕೊಟ್ಟ ಸರ್ವರೇ ತನ್ನನ್ನು ತಾನು ಅಳಿಸಿಕೊಂಡಿತ್ತು!

‘ಎಂಡಿಎಂ ಹಾಕಿದರೆ ಬಾಸ್ ನನ್ನ ಫೋಟೋ ನೋಡುತ್ತಾರೆ’ ಎಂಬ ಭಯ ಹಲವರಿಗಿದೆ. ಐಫೋನಿನ ಎಂಡಿಎಂ ವ್ಯವಸ್ಥೆಯಲ್ಲಿ ಫೋಟೋ ನೋಡುವ, ಮೆಸೇಜ್ ಓದುವ ಅಪ್ಪಣೆಯೇ ಇಲ್ಲ. ಆಂಡ್ರಾಯ್ಡ್‌ನಲ್ಲಿ ಕಚೇರಿ ಕೆಲಸಕ್ಕೆ ಬೇರೆಯೇ ಭಾಗ, ಅಂದರೆ ವರ್ಕ್ ಪ್ರೊಫೈಲ್ ಇದ್ದರೆ, ಕಚೇರಿಯ ಕಣ್ಣು ಆ ಭಾಗದ ಮೇಲಷ್ಟೇ. ಸರ್ವರ್ ಎಲ್ಲಿದ್ದರೂ ವ್ಯತ್ಯಾಸವಿಲ್ಲ.

ಕಾನೂನು? ಎಲ್ಲ ಮಾಹಿತಿಯೂ ಭಾರತದಲ್ಲೇ ಇರಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದಿಲ್ಲ. ಸರ್ಕಾರ ಹೆಸರಿಸಿದ ದೇಶಗಳಿಗೆ ಕಳಿಸಬಾರದು ಎನ್ನುತ್ತದೆ. ಭಾರತದಲ್ಲೇ ಇಡಬೇಕೆಂಬ ರಿಸರ್ವ್ ಬ್ಯಾಂಕಿನ 2018ರ ಕಟ್ಟಪ್ಪಣೆ ಹಣ ಪಾವತಿಯ ಮಾಹಿತಿಗೆ ಮಾತ್ರ ಸೇರಿದ್ದು. ಸೈಬರ್ ದಾಳಿಯಾದರೆ ಆರು ಗಂಟೆಯೊಳಗೆ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, 180 ದಿನಗಳ ಲಾಗ್, ಅಂದರೆ ಯಂತ್ರಗಳ ದಿನಚರಿ ಇಟ್ಟಿರಬೇಕು ಎಂಬ 2022ರ ನಿಯಮ ಆನ್-ಪ್ರೆಮ್‌ನವರಿಗೂ ಕ್ಲೌಡ್ ಹಿಡಿದವರಿಗೂ ಒಂದೇ. ಕ್ಲೌಡ್‌ನವರು ಆ ಲಾಗನ್ನು ಎಷ್ಟು ದಿನ ಇಡುತ್ತಾರೆ, ಕೇಳಿದಾಗ ಕೊಡುತ್ತಾರೆಯೇ? ಒಪ್ಪಂದದ ಸಣ್ಣಕ್ಷರಗಳನ್ನು ಓದದೆ ಇದು ತಿಳಿಯುವುದಿಲ್ಲ.

ಮೈಕ್ರೋಸಾಫ್ಟ್‌ನ ಮೊದಲ ನಿರ್ವಹಣಾ ಸರ್ವರ್ ಬಂದದ್ದು 1994ರಲ್ಲಿ, ಕಚೇರಿಯೊಳಗೆ ಇಡುವಂಥದ್ದು. 2011ರಲ್ಲಿ ಬಂದ ಅದೇ ಕಂಪನಿಯ ಇಂಟ್ಯೂನ್ ಕ್ಲೌಡ್‌ನಲ್ಲಿ ಮಾತ್ರ ಸಿಗುತ್ತದೆ. ಅಪ್‌ಡೇಟನ್ನು ಒಮ್ಮೆ ಇಳಿಸಿಕೊಂಡು ಕಚೇರಿಯ ನೂರು ಕಂಪ್ಯೂಟರಿಗೂ ಹಂಚುವ ಡಬ್ಲ್ಯುಎಸ್‌ಯುಎಸ್ ಸರ್ವರಿಗೆ ಇನ್ನು ಹೊಸ ಸೌಲಭ್ಯ ಸೇರಿಸುವುದಿಲ್ಲವೆಂದು ಕಂಪನಿ 2024ರಲ್ಲಿ ಸಾರಿತು. ಆ್ಯಪಲ್ ಅಂತೂ ತನ್ನದೇ ಆನ್-ಪ್ರೆಮ್ ಎಂಡಿಎಂ ಇದ್ದ ಮ್ಯಾಕ್‌ಓಎಸ್ ಸರ್ವರನ್ನು 2022ರ ಏಪ್ರಿಲ್‌ನಲ್ಲೇ ನಿಲ್ಲಿಸಿಬಿಟ್ಟಿತು. ಗಾಳಿ ಯಾವ ಕಡೆಗೆ ಎಂದು ಕೇಳಬೇಕಿಲ್ಲ.

ಎರಡೂ ಬಗೆಯನ್ನು ಮಾರುವವರು ಇನ್ನೂ ಇದ್ದಾರೆ, ಅದೂ ನಮ್ಮ ಆಸುಪಾಸಿನಲ್ಲೇ. ಬೆಂಗಳೂರಿನ 42 ಗಿಯರ್ಸ್‌ನ ಶ್ಯೂರ್‌ಎಂಡಿಎಂ, ಚೆನ್ನೈನ ಝೋಹೋದ ಮ್ಯಾನೇಜ್‌ಎಂಜಿನ್ ಎರಡೂ ಕ್ಲೌಡ್‌ನಲ್ಲೂ ಸಿಗುತ್ತವೆ, ನಿಮ್ಮದೇ ಸರ್ವರಿಗೂ ಸಿಗುತ್ತವೆ.

ಇಂಟರ್ನೆಟ್ಟಿನ ಸೋಂಕೇ ಇರಬಾರದ ಜಾಲಕ್ಕೆ ಆನ್-ಪ್ರೆಮ್ ಬಿಟ್ಟು ಬೇರೆ ದಾರಿಯಿಲ್ಲ. ಸಿಬ್ಬಂದಿಯೆಲ್ಲ ಮನೆಯಲ್ಲೋ ರಸ್ತೆಯಲ್ಲೋ ಇರುವ ಕಂಪನಿಗೆ ಕ್ಲೌಡೇ ಸಲೀಸು. ನಡುವೆ ಇರುವವರು ಲೈಸೆನ್ಸಿನ ಬೆಲೆಯನ್ನಷ್ಟೇ ತಾಳೆ ನೋಡುತ್ತಾರೆ. ಸರ್ವರ್, ಡೇಟಾಬೇಸ್, ಬ್ಯಾಕಪ್, ಯುಪಿಎಸ್, ಏಸಿ, ಅದನ್ನೆಲ್ಲ ನೋಡಿಕೊಳ್ಳುವವರ ಸಂಬಳ ಲೆಕ್ಕಕ್ಕೇ ಬರುವುದಿಲ್ಲ. ತೂತು ಮುಚ್ಚುವ ಪ್ಯಾಚ್ ಬಂದ ರಾತ್ರಿಯೇ ಎದ್ದು ಹಾಕುವ ಒಬ್ಬರಿಲ್ಲದ ಕಚೇರಿ ಆನ್-ಪ್ರೆಮ್ ಸಹವಾಸಕ್ಕೆ ಹೋಗದಿರುವುದೇ ಲೇಸು. ಕ್ಲೌಡ್ ಹಿಡಿದವರೂ ಸುಮ್ಮನೆ ಕೂರುವಂತಿಲ್ಲ. ಸಾವಿರ ಫೋನ್ ಅಳಿಸುವ ಅಧಿಕಾರ ಒಬ್ಬನ ಪಾಸ್‌ವರ್ಡಿಗೆ ಸಿಗದಂತೆ, ಇಬ್ಬರು ಒಪ್ಪಿದರೆ ಮಾತ್ರ ನಡೆಯುವಂತೆ ಮಾಡಲು ಆಗುತ್ತದೆಯೇ ಎಂದು ಮಾರಾಟಗಾರರನ್ನು ಕೇಳಿ.

ಸಹಿ ಹಾಕುವ ಮುನ್ನ ಇನ್ನೊಂದನ್ನೂ ಕೇಳಿ: ನಾಳೆ ಬೇಡವೆನಿಸಿದರೆ ಹೊರಗೆ ಹೋಗುವುದು ಹೇಗೆ? ಕಂಪನಿಯ ಐಫೋನುಗಳನ್ನು ಒಂದು ಎಂಡಿಎಂನಿಂದ ಇನ್ನೊಂದಕ್ಕೆ ದಾಟಿಸಬೇಕಾದರೆ ಬಹುಕಾಲ ಸಾಮಾನ್ಯವಾಗಿ ಫೋನನ್ನು ಪೂರ್ತಿ ಅಳಿಸಿಯೇ ಮತ್ತೆ ಶುರುಮಾಡಬೇಕಿತ್ತು. ಅಳಿಸದೆ ದಾಟಿಸುವ ಸೌಲಭ್ಯವನ್ನು ಆ್ಯಪಲ್ ಕೊಟ್ಟದ್ದು 2025ರಲ್ಲಿ, ಐಓಎಸ್ 26ರ ಜೊತೆ.