ಮಳೆಗಾಲದ ಊಟಕ್ಕೆ ಬೇಸಿಗೆಯ ಗದ್ದೆ

ಜುಲೈ ತಿಂಗಳ ಮಲೆನಾಡಿನಲ್ಲಿ ಹಸಿರಿಗೆ ಬರವಿಲ್ಲ, ತರಕಾರಿಗೆ ಬರ. ಅಡಿಕೆ, ಕಾಳುಮೆಣಸು, ಏಲಕ್ಕಿ ಬೆಳೆಯುವ ಮನೆಯವರೂ ಬಯಲುಸೀಮೆಯಿಂದ ಲಾರಿಯಲ್ಲಿ ಬಂದ ಎಲೆಕೋಸು, ಟೊಮೆಟೊ ಕೊಳ್ಳಲು ಸಂತೆಗೆ ಹೋಗುತ್ತಾರೆ.

ಮೊದಲ ಕಾರಣ ಮಳೆಯೇ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ ಸುರಿಯುತ್ತದೆ. ಬೇರಿಗೂ ಉಸಿರಾಟಕ್ಕೆ ಆಮ್ಲಜನಕ ಬೇಕು. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಹರಡುವುದು ಸುಮಾರು 10,000 ಪಟ್ಟು ನಿಧಾನ. ಮಣ್ಣಿನ ಸಂದುಗಳಲ್ಲಿ ನೀರು ನಿಂತರೆ ಬದನೆ, ಮೆಣಸಿನ ಗಿಡಗಳ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಸದಾ ಒದ್ದೆಯಾಗಿರುವ ಎಲೆಗೆ ಶಿಲೀಂಧ್ರ ಹತ್ತುತ್ತದೆ.

ಹಿಂದಿನವರು ಇದಕ್ಕೆ ಬೇಸಿಗೆಯಲ್ಲೇ ದಾರಿ ಮಾಡಿಕೊಳ್ಳುತ್ತಿದ್ದರು. ಬಲಿತ ಹಲಸಿನಕಾಯಿಯ ಸೊಳೆಗೆ ಉಪ್ಪು ಬೆರೆಸಿ ಭರಣಿಗೆ ತುಂಬಿ, ಮೇಲೆ ಭಾರ ಹೇರುತ್ತಿದ್ದರು. ಉಪ್ಪು ಅಭಿಸರಣೆಯಿಂದ ಸೊಳೆಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಹೀಗೆ ಆಗುವ ಗಟ್ಟಿ ಉಪ್ಪುನೀರಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳ ಬಳಕೆಗೆ ಸಿಗುವ ನೀರು ತೀರ ಕಡಿಮೆ. ಸೊಳೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಮೊಗೆಕಾಯಿಗೆ, ಅಂದರೆ ಸಾಂಬಾರು ಸೌತೆಗೆ, ಉಪ್ಪೂ ಬೇಡ. ಬಲಿತ ಕಾಯಿಯ ಸಿಪ್ಪೆ ಗಟ್ಟಿ, ಒಳಗಿನ ನೀರು ಸುಲಭವಾಗಿ ಆರದು. ಒಂದರ ಕೊಳೆ ಇನ್ನೊಂದಕ್ಕೆ ತಾಗದಂತೆ ಬಾಳೆನಾರಿನಲ್ಲಿ ಬಿಡಿಬಿಡಿಯಾಗಿ ಜಂತಿಗೆ ಕಟ್ಟಿದರೆ ಸುತ್ತಲೂ ಗಾಳಿಯಾಡುತ್ತದೆ, ಮಳೆಗಾಲ ಕಳೆಯುತ್ತದೆ.

ಮಳೆಯಲ್ಲೇ ಸೊಕ್ಕುವ ಗಿಡಗಳೂ ಇವೆ, ಆದರೆ ಅವು ಸುಮ್ಮನೆ ಬಾಯಿಗೆ ಬರುವಂಥವಲ್ಲ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುವುದರಿಂದ ಗಂಟಲು ತುರಿಸುತ್ತದೆ. ಅದಕ್ಕೇ ಪತ್ರೊಡೆಗೆ ಧಾರಾಳ ಹುಣಸೆಹುಳಿ, ದೀರ್ಘಕಾಲದ ಬೇಯಿಸುವಿಕೆ. ಕಳಲೆ, ಅಂದರೆ ಎಳೆಬಿದಿರನ್ನು ಹೆಚ್ಚಿದಾಗ ಅದರಲ್ಲಿರುವ ಟ್ಯಾಕ್ಸಿಫಿಲಿನ್ ಒಡೆದು ಸಯನೈಡ್ ಬಿಡುಗಡೆಯಾಗುತ್ತದೆ. ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಿ, ಚೆನ್ನಾಗಿ ಬೇಯಿಸಿದರೆ ವಿಷ ನೀರಿನೊಡನೆ, ಆವಿಯೊಡನೆ ಹೋಗುತ್ತದೆ.

ಈ ಊಟಕ್ಕೆ ಮಿತಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಉಪ್ಪು ಬಿಡಿಸಲೆಂದು ಸೊಳೆಯನ್ನು ನೆನೆಸಿ ಹಿಂಡಿದರೆ ನೀರಿನಲ್ಲಿ ಕರಗುವ ಸಿ ಜೀವಸತ್ವವೂ ಸೋರಿಹೋಗುತ್ತದೆ. ತಂಬುಳಿಗೆ ಒಂದೆಲಗ, ಪಲ್ಯಕ್ಕೆ ಚಗಟೆ ಸೊಪ್ಪು ಜೊತೆಗಿದ್ದರೇ ಊಟ ಸರಿಹೋಗುವುದು.

ಈ ವಿದ್ಯೆ ಹಲವು ಮನೆಗಳಲ್ಲಿ ಇನ್ನೂ ಇದೆ. ಆದರೆ ಕೂಡಿಡುವ ವಸ್ತು ಕಡಿಮೆಯಾಗಿದೆ, ತರಕಾರಿಯ ಬರಕ್ಕೆ ಎರಡನೆಯ ಕಾರಣ ಇದೇ. ಬತ್ತ ಕೊಯ್ದ ಮೇಲೆ ಮೊಗೆಬಳ್ಳಿ ಹಬ್ಬುತ್ತಿದ್ದ ಎಷ್ಟೋ ಗದ್ದೆಗಳು ಈಗ ಅಡಿಕೆ ತೋಟಗಳು. ಅಡಿಕೆ ಮಾರಿದ ಹಣದಲ್ಲಿ ತರಕಾರಿ ಕೊಳ್ಳಬಹುದು, ಆ ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಊರಿನದೇ ಊಟ ವರ್ಷವಿಡೀ ಬೇಕೆನ್ನುವವರು ಬೇಸಿಗೆಯಲ್ಲಿ ಮೊಗೆಬೀಜ ಊರಲು ಒಂದು ತುಂಡು ಗದ್ದೆಯನ್ನು ತೋಟಕ್ಕೆ ಬಿಟ್ಟುಕೊಡದೆ ಉಳಿಸಿಕೊಳ್ಳಬೇಕು.