ಮಣಿ ಪೋಣಿಸಿದ ಕಂಪ್ಯೂಟರ್



ನಮ್ಮ ಕಮಲನಗರದ ಕಡೆಯಿಂದ ದುಡಿಯಲಿಕ್ಕೆ ಹೈದರಾಬಾದಿಗೆ ಹೋಗಿ ಬಂದವರು ಬಹಳ ಮಂದಿ ಇದ್ದೀರಿ. ಅಲ್ಲಿ ಸಿಟಿ ಬಸ್ಸಿನ ಬೋರ್ಡಿನ ಮೇಲೆ ‘ಇ.ಸಿ.ಐ.ಎಲ್.’ ಅಂತ ಬರೆದಿರುತ್ತದೆ. ಅದು ಒಂದು ಕಾರ್ಖಾನೆಯ ಹೆಸರು. ಸರಕಾರದ ಕಾರ್ಖಾನೆ. 1967ರಲ್ಲಿ ಶುರುವಾಯಿತು. ನಾವು ವೋಟು ಹಾಕುವ ಮಷಿನ್ ಅಲ್ಲಿ ಮತ್ತು ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆಯಲ್ಲಿ ತಯಾರಾಗುತ್ತದೆ.

ಇದೇ ಇ.ಸಿ.ಐ.ಎಲ್. ಹಿಂದೆ ಟಿ.ಡಿ.ಸಿ.-12 ಎಂಬ ಕಂಪ್ಯೂಟರ್ ಮಾಡುತ್ತಿತ್ತು. ಮೊದಲನೆಯದು 1969ರಲ್ಲಿ ಮುಂಬಯಿಯ ಟ್ರಾಂಬೆಯಲ್ಲಿ ತಯಾರಾಯಿತು. ನಮ್ಮ ದೇಶದವರೇ ಮಾಡಿದ್ದು. ಇಂಥದ್ದಕ್ಕೆ ಮಿನಿ ಕಂಪ್ಯೂಟರ್ ಅಂತಾರೆ. ಮಿನಿ ಅಂದರೆ ಸಣ್ಣದು. ಸಣ್ಣದು ಅಂದರೂ ಅಲಮಾರಿಯಷ್ಟು! ಅದಕ್ಕಿಂತ ಹಿಂದಿನವು ಇಡೀ ಕೋಣೆ ತುಂಬುತ್ತಿದ್ದವು.

ಈ ಮಷಿನ್ ಲೆಕ್ಕ ನೆನಪಿಡುವುದು ಹೇಗೆ?

ಆಗಿನ ಕಂಪ್ಯೂಟರಿನ ಒಳಗೆ ಸಾಸಿವೆ ಕಾಳಿನಷ್ಟು ಸಣ್ಣ ಕರಿ ಉಂಗುರಗಳು ಇರುತ್ತಿದ್ದವು. ಹೊರಸು ಹೆಣೆದ ಹಾಗೆ ಉದ್ದಕ್ಕೂ ಅಡ್ಡಕ್ಕೂ ತಂತಿ ಎಳೆದು, ಉಂಗುರಗಳನ್ನು ಪೋಣಿಸುತ್ತಿದ್ದರು. ತಂತಿಯಲ್ಲಿ ಕರೆಂಟು ಹರಿದರೆ ಉಂಗುರ ಅಯಸ್ಕಾಂತ ಆಗುತ್ತದೆ. ಒಂದು ಕಡೆಗೆ ತಿರುಗಿದರೆ ‘ಹೌದು’, ಇನ್ನೊಂದು ಕಡೆಗೆ ತಿರುಗಿದರೆ ‘ಇಲ್ಲ’. ಕರೆಂಟು ಹೋದರೂ ಉಂಗುರ ಅದನ್ನು ಮರೆಯುವುದಿಲ್ಲ.

ಅಮೆರಿಕದಲ್ಲಿ 1965ರಲ್ಲಿ ಪಿ.ಡಿ.ಪಿ.-8 ಎಂಬ ಮಿನಿ ಕಂಪ್ಯೂಟರ್ ಬಂತು. ಅದರಲ್ಲಿ ಇಂಥ ಉಂಗುರ 49,152 ಇದ್ದವು. ಆಗಿನ ಕಾರ್ಖಾನೆಗಳಲ್ಲಿ ಇವನ್ನು ಪೋಣಿಸಿದವರು ಯಾರು? ಹೆಚ್ಚಾಗಿ ಹೆಂಗಸರೇ. ಭೂತಗನ್ನಡಿಯಲ್ಲಿ ನೋಡುತ್ತ, ಕೈಯಿಂದಲೇ. ಮಷಿನಿನ ಮೇಲೆ ಕಂಪನಿಯ ಹೆಸರು ಅದ. ಪೋಣಿಸಿದವರ ಹೆಸರು ಇಲ್ಲ.

ಪಿ.ಡಿ.ಪಿ.-8 ಹೆಸರುವಾಸಿ. ಹಳೆಯದನ್ನು ಹುಡುಕಿ ತಂದು, ರಿಪೇರಿ ಮಾಡಿ ನಡೆಸುವವರು ಇದ್ದಾರೆ. ನಮ್ಮ ಟಿ.ಡಿ.ಸಿ.-12 ಅಷ್ಟು ಮಂದಿಗೆ ಗೊತ್ತಿಲ್ಲ. ಹೊಸ ಮಷಿನ್ ಬಂದಾಗ ಹಳೆಯವು ಗುಜರಿಗೆ ಹೋಗುತ್ತವೆ. ಹಳೇ ಕಂಪ್ಯೂಟರಿನ ಕೆಲವು ತುಣುಕಿಗೆ ತೆಳ್ಳಗೆ ಬಂಗಾರದ ಲೇಪ ಇರುತ್ತದೆ. ಅದರ ಆಸೆಗೆ ಒಡೆದು ಕರಗಿಸುತ್ತಾರೆ. ನಮಗೆ ಇದು ದೊಡ್ಡ ನಷ್ಟ ಅನಿಸುತ್ತದೆ.

ಇಡೀ ಮಷಿನ್ ಸಿಗದಿದ್ದರೂ ಕೂಡಿಡಲಿಕ್ಕೆ ಬೇರೆ ಅವ. ಒಂದು ಫೋಟೋ, ಮಷಿನಿನ ಜೊತೆ ಕೊಟ್ಟ ಪುಸ್ತಕ, ಉಂಗುರದ ಒಂದು ಜಾಳಿಗೆ. ಕೆಲಸ ಮಾಡಿದವರ ಮಾತು ಎಲ್ಲಕ್ಕಿಂತ ಮುಖ್ಯ. 1969ರಲ್ಲಿ 25 ವರ್ಷದವರಿಗೆ ಈಗ 80 ದಾಟಿದೆ.

ಹೈದರಾಬಾದಿನಲ್ಲಿ ಮನೆಗೆಲಸಕ್ಕೆ ಹೋಗುವ ಅಕ್ಕಂದಿರು ಇದನ್ನು ಗಮನದಲ್ಲಿ ಇಡಿರಿ. ರಿಟೈರ್ ಆದ ಅಜ್ಜನೋ ಅಜ್ಜಿಯೋ ಇರುವ ಮನೆಯಲ್ಲಿ, ಚೌಕಟ್ಟಿನೊಳಗೆ ಕರಿಮಣಿ ಹೆಣೆದಂಥ ಜಾಳಿಗೆ ಕಂಡರೆ, ರದ್ದಿಗೆ ಹಾಕುವ ಮೊದಲು ಕೇಳಿರಿ: ‘ಇದು ಏನ್ರಿ? ಎಲ್ಲಿಂದ ಬಂತು?’